ಜಮಾಬಂದಿಗೆ ಹೋದ ಚಿಕ್ಕವ್ವ

ನಮ್ಮ ಮನೆಯ ಒಳಗೆ ಹೋಗಬೇಕೆಂದರೆ ಮೊದಲು ದನಗಳನ್ನು ದಾಟಬೇಕಿತ್ತು. ಹೊಸೂರಿನಾಚೆಯ ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಆಗ ಹೆಚ್ಚುಕಡಿಮೆ ಎಲ್ಲರ ಮನೆಯೂ ಹೀಗೇ ಇತ್ತು. ಬಾಗಿಲು ದಾಟಿದ ಕೂಡಲೇ ಕೊಟ್ಟಿಗೆ. ಒಂದು ಪಕ್ಕ ಎತ್ತುಗಳು, ಇನ್ನೊಂದು ಪಕ್ಕ ಎಮ್ಮೆ, ನಡುವೆ ಒಬ್ಬರು ನಡೆಯುವಷ್ಟು ದಾರಿ. ಕಾಡು ಹತ್ತಿರ. ದನಗಳನ್ನು ಹೊರಗೆ ಕಟ್ಟಿದರೆ ಚಿರತೆಯ ಪಾಲು. ಕೊಟ್ಟಿಗೆ ದಾಟಿ ಒಂದು ಮೆಟ್ಟಿಲು ಹತ್ತಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಕಿಟಕಿಯೇ ಇಲ್ಲದ ಒಳಮನೆ. ಒಳಮನೆಯಲ್ಲಿ ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಗಳಿದ್ದವು. ಅವುಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಚಿಕ್ಕವ್ವ ಮಲಗುತ್ತಿದ್ದಳು, ಅವಳ ಪಕ್ಕ ನಾನು. ಆ ಕತ್ತಲೆಯಲ್ಲಿ ರಾಗಿಯ ವಾಸನೆ, ಹೊಗೆಯ ವಾಸನೆ, ಅವಳ ತಲೆಯ ಹರಳೆಣ್ಣೆಯ ವಾಸನೆ ಎಲ್ಲ ಒಂದಾಗಿ ಇರುತ್ತಿತ್ತು. ಅವಳು ಮಗ್ಗುಲು ಬದಲಿಸಿದಾಗ ಕೈಬಳೆ ಸಣ್ಣಗೆ ಸದ್ದಾಗುತ್ತಿತ್ತು. ನನಗೆ ನಿದ್ದೆ ಹತ್ತುತ್ತಿದ್ದದ್ದು ಆ ಸದ್ದಿಗೇ.

ಚಿಕ್ಕವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ, ಲಕ್ಕಮ್ಮ. ಪಕ್ಕದ ತಳಿ ಊರಿನ ಕಡೆಯ ಹೆಣ್ಣು. ತವರಿನಲ್ಲಿ ತನ್ನವರು ಅನ್ನುವವರು ಯಾರೂ ಉಳಿದಿರಲಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲೇ ಚಿಕ್ಕಪ್ಪ ಪಟಾಲಂ ಸೇರಿ, ಬಿಳಿಯರ ಯುದ್ಧಕ್ಕೆಂದು ಬರ್ಮಾ ಕಡೆ ಹೋಗಿದ್ದ. ಅವನ ಮುಖ ನನಗೆ ನೆನಪಿಲ್ಲ. ಅವನು ನನ್ನನ್ನು ಎತ್ತಿ ಅಟ್ಟದ ತೊಲೆ ಮುಟ್ಟಿಸುತ್ತಿದ್ದನಂತೆ, ತೊಲೆ ಮಾತ್ರ ನೆನಪಿದೆ. ಅವನ ಕಡೆಯಿಂದ ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತಿತ್ತು. ಚಿಕ್ಕವ್ವ ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಂಡು ನೇರವಾಗಿ ಅಜ್ಜಿಯ ಕೈಗೆ ಕೊಡುತ್ತಿದ್ದಳು. ಅಜ್ಜಿ ಅದನ್ನು ದೀಪದ ಮುಂದೆ ಇಟ್ಟು, ಆಮೇಲೆ ಅಪ್ಪನಿಗೆ ಕೊಡುತ್ತಿದ್ದಳು. ಆ ದಿನ ನಮ್ಮ ಮನೆಯಲ್ಲಿ ಅನ್ನ. ಮಿಕ್ಕ ದಿನಗಳೆಲ್ಲ ಮುದ್ದೆ, ಹುರುಳಿ ಸಾರು. ಅನ್ನದ ದಿನ ಅಜ್ಜಿ ಎಲ್ಲರಿಗಿಂತ ಮೊದಲು ಚಿಕ್ಕವ್ವನನ್ನು ಕೂರಿಸಿ ಬಡಿಸುತ್ತಿದ್ದಳು.

"ನನ್ ಮಗನ್ ಸಂಪಾದ್ನೆ ಕಣೆ, ನೀನ್ ತಿಂದ್ರೆ ಅವ್ನ್ ತಿಂದಂಗೆ. ಇನ್ನೊಂಚೂರು ಹಾಕಿಸ್ಕೊ."

ಊರಿಗೂ ಡೆಂಕಣಿಕೋಟೆಗೂ ನಡುವೆ ದೊಡ್ಡಹಳ್ಳ ಇತ್ತು. ಬೇಸಿಗೆಯಲ್ಲಿ ಅದು ಬರೀ ಮರಳು, ಅದರಲ್ಲಿ ಕೂತು ನಾವು ಆಟ ಆಡುತ್ತಿದ್ದೆವು. ಮಳೆ ಹಿಡಿದರೆ ಆನೆಯೂ ಇಳಿಯದಷ್ಟು ನೀರು. ಟಪಾಲಿನವನು ಆಚೆ ದಡದಲ್ಲಿ ನಿಂತು, ಗೌಡ್ರೇ ಮನಿಯಾರ್ಡರ್ ಬಂದೈತೆ ಅಂತ ಕೂಗಿ ಹಿಂದಕ್ಕೆ ಹೋಗುತ್ತಿದ್ದ. ಉಪ್ಪು, ಸೀಮೆಎಣ್ಣೆ, ಔಷಧಿ, ಇಸ್ಕೂಲು ಎಲ್ಲವೂ ಆಚೆ ಕಡೆ. ನನ್ನ ವಯಸ್ಸಿನ ಹುಡುಗರನ್ನು ಊರಿನಲ್ಲಿ ಯಾರೂ ಇಸ್ಕೂಲಿಗೆ ಕಳಿಸಿರಲಿಲ್ಲ. ಬೆಳಿಗ್ಗೆ ಹೋದ ಮಗು ಸಂಜೆ ಈಚೆಗೆ ಬರುತ್ತದೆಯೋ ಇಲ್ಲವೋ ಅನ್ನುವುದು ಮೋಡದ ಕೈಯಲ್ಲಿತ್ತು.

ಆ ವರ್ಷದ ಮಳೆಯಲ್ಲಿ ಅವ್ವನಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿದೆ, ನನ್ನ ಕೈಯಲ್ಲಿ ಆಗುವುದಿಲ್ಲ, ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಅಂತ ಊರಿನ ಸೂಲಗಿತ್ತಿ ಹೇಳಿಬಿಟ್ಟಳು. ಕಂಬಳಿಯನ್ನು ಬಿದಿರಿಗೆ ಕಟ್ಟಿ, ಅವ್ವನನ್ನು ಅದರಲ್ಲಿ ಮಲಗಿಸಿಕೊಂಡು ಹಳ್ಳದ ದಡಕ್ಕೆ ಹೊತ್ತುಕೊಂಡು ಹೋದರು. ನೀರು ಇಳಿಯಲಿಲ್ಲ. ದಡದ ಹೊಂಗೆ ಮರದ ಕೆಳಗೆ, ಸೀರೆ ಮರೆಮಾಡಿಕೊಂಡು ಹೆಂಗಸರು ಕೂತರು. ಚಿಕ್ಕವ್ವ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವ್ವ ಉಳಿದಳು. ಹುಟ್ಟಿದ ಹೆಣ್ಣುಮಗುವಿಗೆ ಉಸಿರಿರಲಿಲ್ಲ. ಮಗುವನ್ನು ಮನೆಗೂ ತರಲಿಲ್ಲ, ಅಲ್ಲೇ ಮರದ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿದರು. ಅಪ್ಪನ ಬಾಯಲ್ಲಿ ಆಮೇಲೆ ಸೇತುವೆ ಬಿಟ್ಟರೆ ಬೇರೆ ಮಾತಿಲ್ಲ. ಮುದ್ದೆ ಮುರಿಯುತ್ತ ಕೂತವನು ತಟ್ಟೆಯಲ್ಲೇ ಬೆರಳಿನಿಂದ ಕಂಬ ಕಂಬ ಗೆರೆ ಎಳೆಯುತ್ತಿದ್ದ.

ಅದೇ ಹೊತ್ತಿಗೆ ಮನಿಯಾರ್ಡರ್ ನಿಂತಿತು. ಬದಲಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅಪ್ಪ ಅದನ್ನು ಡೆಂಕಣಿಕೋಟೆಗೆ ಒಯ್ದು, ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಅಯ್ಯನವರ ಹತ್ತಿರ ಓದಿಸಿಕೊಂಡು ಬಂದ. ಕಾಡಿನಲ್ಲಿ ನಡೆದ ಕಾಳಗದ ನಂತರ ಚಿಕ್ಕಪ್ಪ ಕಾಣೆಯಾಗಿದ್ದಾನೆ, ಹುಡುಕಿದರೂ ಪತ್ತೆಯಿಲ್ಲ ಅಂತ ಅದರಲ್ಲಿತ್ತು. ಅಪ್ಪ ಇದನ್ನು ನಡುಮನೆಯಲ್ಲಿ ನಿಂತುಕೊಂಡೇ ಹೇಳಿದ. ಅಜ್ಜಿ ಕಡಲೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಕಾಣಿಸ್ತಿಲ್ಲ ಅಂದವ್ರೆ. ಸತ್ತ ಅಂದವ್ರಾ?"

"ಅಂದಿಲ್ಲವ್ವ."

"ಮತ್ತೆ ಯಾಕ್ಲಾ ಮೊಕ ಇಂಗ್ ಮಾಡ್ಕೊಂಡು ನಿಂತಿದ್ದೀಯ. ಕಾಡ್ನಾಗೆ ತಪ್ಪಿಸ್ಕೊಂಡವ್ನೆ, ದಾರಿ ಸಿಕ್ದಾಗ ಬತ್ತಾನೆ. ಇವತ್ತಿಂದ ಈ ಮನೇಲಿ ಆ ಮಾತು ಯಾರ್ ಆಡಿದ್ರೂ ನಾನ್ ಇರಕ್ಕಿಲ್ಲ."

ಯಾರೂ ಆಡಲಿಲ್ಲ. ಅಪ್ಪ ಒಳಗೊಳಗೇ ತಮ್ಮ ಸತ್ತ ಅಂತ ನಂಬಿದ್ದ. ಅವ್ವನೂ ನಂಬಿದ್ದಳು. ಚಿಕ್ಕವ್ವ ಏನು ನಂಬಿದ್ದಳು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವಳ ಊಟ ಬದಲಾಯಿತು. ಯುದ್ಧದ ಕಾಲ, ಸರ್ಕಾರದವರು ಬಂದು ಕಣದಿಂದಲೇ ರಾಗಿ ಅಳೆದುಕೊಂಡು ಹೋಗುತ್ತಿದ್ದರು. ವಾಡೆಗಳನ್ನು ಬಡಿದರೆ ಟೊಳ್ಳು ಸದ್ದು ಬರುತ್ತಿತ್ತು. ಚಿಕ್ಕವ್ವ ಎಲ್ಲರ ಊಟ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ಕೂರುತ್ತಿದ್ದಳು. ಒಂದು ದಿನ ನಾನು ಹೋಗಿ ಇಣುಕಿ ನೋಡಿದರೆ ತಟ್ಟೆಯಲ್ಲಿ ಮುದ್ದೆಯೇ ಇಲ್ಲ, ಪಾತ್ರೆ ತೊಳೆದ ಅಂಬಲಿಯಂಥ ನೀರು. ಅಜ್ಜಿ ಬೈದರೂ ಅವಳು ಕೇಳಲಿಲ್ಲ.

"ಯಾರ್ ಸಂಪಾದ್ನೆ ಅಂತ ತಿನ್ಲಿ ಅತ್ತೆ. ಬಾವನಿಗೇ ಸಾಲ್ದು. ಅಕ್ಕ ಹಸಿ ಬಾಣಂತಿ."

ಅವ್ವನಿಗೆ ಮಗು ಇಲ್ಲದ ಬಾಣಂತನ. ಚಿಕ್ಕವ್ವ ಅವಳಿಗೆ ನೀರು ಹಾಕಿ, ತನ್ನ ಪಾಲಿನ ರಾಗಿಯನ್ನು ಅವಳ ಗಂಜಿಗೆ ಸೇರಿಸಿ ಕುಡಿಸುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ಚಿಕ್ಕವ್ವನ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸಡಿಲವಾಗಿದ್ದವು.

ಜಮಾಬಂದಿ ಅಂದರೆ ವರ್ಷಕ್ಕೊಮ್ಮೆ ಜಿಲ್ಲೆಯ ಬಿಳಿ ದೊರೆ ಬಂದು ಊರೂರಿನ ಕಂದಾಯದ ಲೆಕ್ಕ ನೋಡುವುದು. ಡೆಂಕಣಿಕೋಟೆ ಹೊರಗಿನ ಮಾವಿನ ತೋಪಿನಲ್ಲಿ ಡೇರೆ ಹಾಕುತ್ತಿದ್ದರು. ಲೆಕ್ಕ ಮುಗಿದ ಮೇಲೆ ಜನ ಸಾಲಾಗಿ ನಿಂತು ಅರ್ಜಿ ಕೊಡಬಹುದಿತ್ತು. ಕೆರೆ ಕೋಡಿ ಒಡೆದದ್ದು, ಆನೆ ತುಳಿದ ಹೊಲಕ್ಕೆ ಕಂದಾಯ ಬಿಡುವುದು, ಬಾವಿ, ದಾರಿ ಎಲ್ಲವೂ ಅಲ್ಲಿಗೇ. ಅಪ್ಪ ಊರಿನ ಗೌಡ, ನಮ್ಮ ಊರಿನಿಂದ ಹೋಗುವ ಯಾವ ಕಾಗದಕ್ಕಾದರೂ ಸಾಕ್ಷಿ ಹಾಕುವವನು ಅವನೇ. ಅಪ್ಪನಿಗೆ ರುಜು ಹಾಕಲು ಬರುತ್ತಿದ್ದದ್ದು ತೆಲುಗು ಅಕ್ಷರದಲ್ಲಿ, ಅದೂ ತನ್ನ ಹೆಸರೊಂದೇ. ಅಯ್ಯನವರ ಹತ್ತಿರ ಕೂತು ಅವನು ಎರಡು ಅರ್ಜಿ ಬರೆಸಿದ. ಒಂದು ಊರಿನ ಪರವಾಗಿ, ದೊಡ್ಡಹಳ್ಳಕ್ಕೆ ಸೇತುವೆ ಬೇಕು ಅಂತ. ಅದರಲ್ಲಿ ಅವ್ವನ ಹೆರಿಗೆಯ ವಿಷಯವನ್ನೂ ಬರೆಸಿದ್ದ. ಇನ್ನೊಂದು ಚಿಕ್ಕವ್ವನ ಹೆಸರಿನಲ್ಲಿ, ಗತಿಯಿಲ್ಲದವಳಿಗೆ ಪಿಂಚಣಿ ಬೇಕು ಅಂತ. ಅಲ್ಲಿ ನಡೆದ ಮಾತನ್ನು ಅಪ್ಪ ಮುದುಕನಾದ ಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾನೆ.

"ಗೌಡ್ರೇ, ಕಾಣೆಯಾದೋನ ಹೆಂಡ್ತಿ ಅಂತ ಬರೆದ್ರೆ ಇದು ಪಟಾಲಂಗೆ ಹೋಗುತ್ತೆ. ಅವರು ಇನ್ನೂ ಹುಡುಕ್ತಾ ಇದ್ದೀವಿ ಅಂತಾರೆ. ಮುಗೀತು ಕಥೆ. ವಿಧವೆ ಅಂತ ಬರೀತೀನಿ. ಅದು ಇಲ್ಲೇ ದೊರೆ ಕೈಯಲ್ಲೇ ಆಗೋ ಕೆಲ್ಸ. ಊರ ಗೌಡನ ಸಾಕ್ಷಿ ಇದ್ರೆ ಸಾಕು."

"ಕಾಗದದಾಗೆ ತಾನೇ ಅಯ್ಯಾ?"

"ಕಾಗದದಲ್ಲೇ. ನಿಮ್ಮ ಮನೇಗೆ ಯಾರು ಬಂದು ನೋಡ್ತಾರೆ?"

ಅಪ್ಪ ಒಪ್ಪಿದ. ಅವನು ಸುಳ್ಳು ಹೇಳುವ ಮನುಷ್ಯ ಅಲ್ಲ. ಅವನ ಲೆಕ್ಕವೇ ಬೇರೆ ಇತ್ತು. ನಮ್ಮಲ್ಲಿ ಒಬ್ಬರು ಸತ್ತರು ಅಂದರೆ ಅದಕ್ಕೆ ಬೇಕಾದದ್ದು ಬಹಳ. ಬಾಯಿಗೆ ನೀರು ಬಿಡಬೇಕು, ಹೆಗಲು ಕೊಡಬೇಕು, ತಲೆ ಬೋಳಿಸಿಕೊಳ್ಳಬೇಕು, ನೆಂಟರು ಬಂದು ಅತ್ತು ಉಂಡು ಹೋಗಬೇಕು. ಅದೊಂದೂ ಇಲ್ಲದೆ ಇಂಗ್ಲಿಷ್ ಕಾಗದದಲ್ಲಿ ಸತ್ತರೆ ಅದು ಸಾವೇ ಅಲ್ಲ. ಆ ಭಾಷೆಯಲ್ಲಿ ನಮ್ಮ ಮನೆಯ ಯಾರೂ ಅದುವರೆಗೆ ಹುಟ್ಟಿರಲಿಲ್ಲ, ಸತ್ತಿರಲಿಲ್ಲ. ಕಾಗದ ಕಚೇರಿಯಲ್ಲಿ ಇರುತ್ತದೆ, ಮನೆ ಮನೆಯ ಹಾಗೆ ಇರುತ್ತದೆ ಅಂದುಕೊಂಡ. ಅಜ್ಜಿಗೆ ಹೇಳಲಿಲ್ಲ. ನಿಂತುಹೋದ ಮನಿಯಾರ್ಡರ್ ಕೇಳುವುದಕ್ಕೆ ದೊರೆ ಹತ್ತಿರ ಹೋಗುತ್ತಿದ್ದೇವೆ, ಚಿಕ್ಕವ್ವನೂ ಬರಬೇಕಂತೆ ಅಂತ ಮಾತ್ರ ಹೇಳಿದ.

ಹೊರಡುವ ಬೆಳಿಗ್ಗೆ ಅಜ್ಜಿ ಚಿಕ್ಕವ್ವನನ್ನು ನಡುಮನೆಯಲ್ಲಿ ಕೂರಿಸಿಕೊಂಡು ತಾನೇ ತಲೆ ಬಾಚಿದಳು. ಹೂವು ಮುಡಿಸಿದಳು. ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಸಡಿಲವಾಗಿದ್ದ ಹಳೇ ಬಳೆಗಳ ಜೊತೆಗೆ ಕೈ ಬಿಗಿಯುವಷ್ಟು ಹಸಿರು ಗಾಜಿನ ಬಳೆ ತೊಡಿಸಿದಳು. ಸಂತೆಯಿಂದ ಯಾವಾಗ ತರಿಸಿಟ್ಟಿದ್ದಳೋ ಗೊತ್ತಿಲ್ಲ. ಅಪ್ಪ ಕೊಟ್ಟಿಗೆಯಲ್ಲಿ ನಿಂತು ನೋಡುತ್ತಿದ್ದ.

"ಅಷ್ಟೊಂದು ಯಾಕವ್ವ. ಬಿಸಿಲಾಗೆ ನಡೀಬೇಕು."

"ಪಟಾಲಂನೋನ ಹೆಂಡ್ತಿ ಕಣ್ಲಾ. ದೊರೆಗೆ ನೋಡಿದ್ ತಕ್ಷಣ ಗೊತ್ತಾಗ್ಬೇಕು, ಇವ್ಳ್ ಗಂಡ ಅವ್ನೆ, ಅವ್ನ್ ದುಡ್ಡು ಕೊಡ್ಬೇಕು ಅಂತ. ಬೋಳು ಕೈಲಿ ಕಳಿಸಕ್ಕಾಗ್ತದಾ?"

ಅಪ್ಪ ಏನಾದರೂ ಹೇಳಬಹುದಿತ್ತು. ಅಜ್ಜಿಯ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ದಾರಿಯಲ್ಲಿ ಬಳೆ ತೆಗೆಸಬಹುದಿತ್ತು, ತಮ್ಮನ ಹೆಂಡತಿಯ ಕೈಬಳೆ ತೆಗಿ ಅಂತ ಬಾವನಾದವನು ಹೇಗೆ ಹೇಳುತ್ತಾನೆ. ನನ್ನನ್ನೂ ಕರೆದುಕೊಂಡು ಹೋದರು, ಬಾವನ ಜೊತೆ ಅವಳೊಬ್ಬಳೇ ನಡೆಯಬಾರದು ಅಂತ. ಒಣಗಿದ ಹಳ್ಳದ ಮರಳಿನಲ್ಲಿ ಅಪ್ಪ ಮುಂದೆ, ನಾವಿಬ್ಬರು ಹಿಂದೆ. ಆ ಅರ್ಜಿಯಲ್ಲಿ ಏನು ಬರೆದಿದೆ ಅಂತ ಚಿಕ್ಕವ್ವನಿಗೂ ಗೊತ್ತಿರಲಿಲ್ಲ.

ತೋಪಿನಲ್ಲಿ ಜನ ತುಂಬಿದ್ದರು. ದೊರೆ ಮೇಜಿನ ಹಿಂದೆ ಕೂತಿದ್ದ, ಕತ್ತು ಕೆಂಪಗೆ ಸುಟ್ಟುಹೋಗಿತ್ತು. ಪಕ್ಕದಲ್ಲಿ ಒಬ್ಬ ಗುಮಾಸ್ತ ಅರ್ಜಿಗಳನ್ನು ಓದಿ ಹೇಳುತ್ತಿದ್ದ. ನಮ್ಮ ಸರದಿ ಬಂದಾಗ ಗುಮಾಸ್ತ ಎರಡು ಕಾಗದವನ್ನೂ ಮೇಜಿನ ಮೇಲಿಟ್ಟು, ಚಿಕ್ಕವ್ವನದನ್ನು ಮೊದಲು ಓದಿದ. ದೊರೆ ತಲೆ ಎತ್ತಿ ಚಿಕ್ಕವ್ವನನ್ನು ನೋಡಿದ. ಹೂವು ನೋಡಿದ, ಹಣೆ ನೋಡಿದ, ಕೈ ನೋಡಿದ. ಆಮೇಲೆ ತಮಿಳಿನಲ್ಲಿ, ಸಿಟ್ಟಿಲ್ಲದೆ, ತಾನೇ ಕೇಳಿದ.

"ಅಮ್ಮಾ, ಉನ್ ಪುರುಷನ್ ಇರುಕ್ಕಾನಾ, ಇಲ್ಲಯಾ?"

ನಿನ್ನ ಗಂಡ ಇದ್ದಾನೋ ಇಲ್ಲವೋ ಅಂತ. ನಮ್ಮ ಕಡೆ ಅಷ್ಟು ತಮಿಳು ಎಲ್ಲರಿಗೂ ತಿಳಿಯುತ್ತಿತ್ತು. ಚಿಕ್ಕವ್ವ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

"ನಂಗೊತ್ತಿಲ್ಲ ದೊರೆ," ಅಂದಳು.

ಗುಮಾಸ್ತ ನಕ್ಕ. "ಗೊತ್ತಿಲ್ವಂತೆ. ಕಾಗದದಾಗೆ ಗಂಡ ಸತ್ತ ಅನಾಥ ವಿಧವೆ, ಇಲ್ಲಿ ಮದ್ವೆ ಹೆಣ್ಣು. ಏನ್ ಗೌಡ, ಸಾಕ್ಷಿ ಹಾಕಿರೋನು ನೀನೇ ತಾನೆ? ನಿನ್ ತಮ್ಮ ಸತ್ತವ್ನೋ, ಮನೇಲಿ ಮಲಗವ್ನೋ?"

ಸಾಲಿನಲ್ಲಿದ್ದವರೂ ನಕ್ಕರು. ಆ ಮಾತು ಕಿವಿಗೆ ಬಿದ್ದಾಗ ಚಿಕ್ಕವ್ವನ ಕೈ ನನ್ನ ಕೈಯನ್ನು ಹಿಂಡಿತು, ಬಳೆಗಳು ನನ್ನ ಮಣಿಕಟ್ಟಿಗೆ ಒತ್ತಿ ನೋವಾಯಿತು. ದೊರೆ ಸೇತುವೆಯ ಅರ್ಜಿಯನ್ನು ಎತ್ತಿಕೊಂಡ. ಅದಕ್ಕೂ ಇದೇ ಮನುಷ್ಯನ ಸಾಕ್ಷಿಯೇ ಅಂತ ಕೇಳಿದ. ಹೌದು ಅಂದರು. ಹಳ್ಳದ ದಡದಲ್ಲಿ ಮಗು ಸತ್ತಿತು ಅಂತ ಇದರಲ್ಲಿ ಬರೆದಿದ್ದಾನೆ, ಅದೂ ಇಂಥದ್ದೇ ಇರಬೇಕು ಅಂತ ದೊರೆ ಹೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ಹೇಳಿದ. ಎರಡು ಕಾಗದವನ್ನೂ ವಾಪಸ್ಸು ಕೊಟ್ಟರು. ಇನ್ನೆರಡು ದಿನ ಡೇರೆ ಇಲ್ಲೇ ಇರುತ್ತದೆ, ನಿಜ ಯಾವುದು ಅಂತ ತೀರ್ಮಾನ ಮಾಡಿಕೊಂಡು ಬಾ, ಆಗ ಎರಡನ್ನೂ ನೋಡುತ್ತೇನೆ ಅಂದ ದೊರೆ.

ಹಿಂದಕ್ಕೆ ಬರುವಾಗ ಅಪ್ಪ ಹೊಂಗೆ ಮರದ ಹತ್ತಿರ ನಿಂತ. ಮರಕ್ಕೆ ಕೈ ಕೊಟ್ಟುಕೊಂಡು, ನಮಗೆ ಬೆನ್ನು ಮಾಡಿ ಅತ್ತ. ಅಪ್ಪ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿ. ಚಿಕ್ಕವ್ವ ದೂರದಲ್ಲಿ ನಿಂತುಕೊಂಡೇ ಹೇಳಿದಳು.

"ನಂಗೊಂದು ಮಾತು ಹೇಳ್ಬುಟ್ಟಿದ್ರೆ ಆಗ್ತಿತ್ತು ಬಾವ."

"ಏನಂತ ಹೇಳ್ಲವ್ವ," ಅಂದ ಅಪ್ಪ. ಅಷ್ಟೇ.

ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಜಗಲಿ ತುಂಬ ಜನ. ಪಕ್ಕದ ಮನೆಯ ಮುನಿತಾತ ಎಲೆಅಡಿಕೆ ಜಗಿಯುತ್ತ ಕಂಬಕ್ಕೆ ಒರಗಿದ್ದ. ಅವನ ಸೊಸೆ ಆಗ ತುಂಬು ಬಸುರಿ.

"ನಿನ್ ತಮ್ಮ ಬದ್ಕಿದ್ರೆ ಊರಿಗೆ ಸೇತುವೆ ಇಲ್ಲ, ಸತ್ತಿದ್ರೆ ಐತೆ. ಯಾವ್ದು ಅಂತ ಹೇಳ್ಬುಡು ಗೌಡ, ನಾವ್ ಎದ್ದೋಯ್ತೀವಿ."

"ತಾತ, ಅಂಗೆಲ್ಲ ಮಾತಾಡ್ಬ್ಯಾಡ," ಅಂದ ಅಪ್ಪ.

"ಇನ್ನೆಂಗ್ ಮಾತಾಡ್ಲಿ? ಮಳೆ ಬರಕ್ಕೆ ಇನ್ನೇನ್ ಬಾಳ ದಿನ ಇಲ್ಲ. ನನ್ ಸೊಸೆನ್ನೂ ಅದೇ ಕಂಬಳೀಲಿ ಹೊತ್ಕೊಂಡು ಹೋಗ್ಬೇಕಾ? ನಿನ್ ಮನೆ ಬಳೆ ಸದ್ದಿಗೆ ಊರ್ನೋರೆಲ್ಲ ಹಳ್ಳಕ್ಕೆ ಬೀಳ್ಬೇಕಾ?"

ಒಳಗಿನಿಂದ ಅಜ್ಜಿ ಬಂದಳು. ಅಪ್ಪ ಏನು ಬರೆಸಿದ್ದ ಅಂತ ಅವಳಿಗೆ ತಿಳಿದದ್ದು ಜಗಲಿಯ ಮಾತಿನಿಂದಲೇ. ಅವಳು ಮುನಿತಾತನ ಕಡೆ ನೋಡಲೇ ಇಲ್ಲ, ಅಪ್ಪನ ಮುಂದೆ ನಿಂತಳು.

"ನನ್ ಮಗನ್ನ ನೀನು ಸಾಯಿಸ್ದೇನ್ಲಾ? ಒಡಹುಟ್ಟಿದೋನು ನೀನು. ಯಾವ್ ಕೈಯಾಗ್ಲಾ ರುಜು ಹಾಕ್ದೆ?"

ಅಜ್ಜಿ ಅವನ ಬಲಗೈ ಹಿಡಿದು ಎಲ್ಲರಿಗೂ ತೋರಿಸಿದಳು, ಕಳ್ಳನ ಕೈ ತೋರಿಸುವ ಹಾಗೆ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವ್ವ ನನಗೆ ಹುರಿದ ಹುರುಳಿ ಕೊಟ್ಟು, ಒಳಮನೆಗೆ ಬಂದು ಚಿಕ್ಕವ್ವನ ಪಕ್ಕ ಕೂತಳು. ನಾನು ಮಲಗಿದ್ದೇನೆ ಅಂದುಕೊಂಡಿದ್ದಳು.

"ಲಕ್ಕೀ, ನಾನ್ ಕೇಳಲ್ಲ ಕಣವ್ವ. ಯಾರೂ ಕೇಳ್ಬಾರ್ದು. ಆದ್ರೆ ಆ ಮರದ ತಾವ ಇನ್ನೊಂದು ಗುಂಡಿ ತೋಡೋದ್ನ ನೋಡಕ್ಕೆ ನನ್ ಕೈಲಾಗಲ್ಲ."

ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಹೋದಾಗ ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳು. ಒಂದು ಕೈಯ ಬಳೆಗಳು ಆಗಲೇ ಇರಲಿಲ್ಲ. ನಮ್ಮಲ್ಲಿ ಈ ಕೆಲಸವನ್ನು ಯಾರೂ ತಮಗೆ ತಾವೇ ಮಾಡಿಕೊಳ್ಳುವುದಿಲ್ಲ. ಬೇರೆ ಹೆಂಗಸರು ಸುತ್ತ ಕೂತು, ಅಳುತ್ತ, ಹಿಡಿದುಕೊಂಡು ಮಾಡುತ್ತಾರೆ. ಅವಳಿಗೆ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಇನ್ನೊಂದು ಕೈಯನ್ನು ಕಲ್ಲಿನ ಅಂಚಿಗೆ ಇಟ್ಟು, ಸೌದೆ ಒಡೆಯುವವರ ಹಾಗೆ ಹದ ನೋಡಿ ಬಡಿದಳು. ಅಜ್ಜಿ ತೊಡಿಸಿದ್ದ ಬಳೆಗಳು ಬಿಗಿಯಾಗಿದ್ದವು, ಮುರಿದು ಚರ್ಮಕ್ಕೆ ಹೊಕ್ಕವು. ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. ನನ್ನನ್ನು ನೋಡಿ ಹತ್ತಿರ ಕರೆದಳು.

"ಬಾರ್ಲಾ ಇಲ್ಲಿ. ನಿನ್ ಕಣ್ಣು ಚೆನ್ನಾಗವೆ. ಎಲ್ಲಾದ್ರೂ ಚೂರು ಉಳ್ದೈತಾ ನೋಡು, ಅತ್ತೆ ಬರಿಗಾಲಲ್ಲಿ ಓಡಾಡ್ತದೆ."

ನಾನು ಮಣ್ಣಿನಲ್ಲಿ ಹುಡುಕಿ ಹುಡುಕಿ ಕೊಟ್ಟೆ. ಅವಳು ಎಲ್ಲವನ್ನೂ ಒಂದು ಒಡೆದ ಮಡಕೆಯ ಚೂರಿನಲ್ಲಿ ಹಾಕಿ ತಿಪ್ಪೆಗೆ ಎಸೆದಳು. ಮುಖ ತೊಳೆದುಕೊಂಡು ಬಂದು ಅಪ್ಪನಿಗೆ, ಹೊರಡಿ ಬಾವ ಅಂದಳು. ಈ ಸಲವೂ ನಾನು ಜೊತೆಗೆ ಹೋದೆ. ದೊರೆ ಅವಳನ್ನು ಏನೂ ಕೇಳಲಿಲ್ಲ. ಕೈ ನೋಡಿದ, ಹಣೆ ನೋಡಿದ, ಎರಡು ಕಾಗದದ ಮೇಲೂ ಏನೋ ಬರೆದ. ಮಣಿಕಟ್ಟಿನ ಗಾಯಗಳಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಗುಮಾಸ್ತ ಈ ಸಲ ನಗಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

ನಾವು ಮನೆಗೆ ಬಂದಾಗ ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಚಿಕ್ಕವ್ವನನ್ನು ನೋಡಿದಳು. ಕಿರುಚುತ್ತಾಳೆ ಅಂದುಕೊಂಡಿದ್ದೆ, ಕಿರುಚಲಿಲ್ಲ. ಕೈ ತೊಳೆದುಕೊಂಡು ಅಡುಗೆಮನೆಗೆ ಹೋಗಿ, ಒಂದು ಸಣ್ಣ ಮಡಕೆ, ಒಂದು ಮುದ್ದೆಕೋಲು, ತನ್ನ ತಟ್ಟೆ ಎತ್ತಿಕೊಂಡು ಬಂದಳು. ಹಿತ್ತಲ ಸೂರಿನ ಕೆಳಗೆ ಕಲ್ಲು ಹೂಡಿ ಬೇರೆ ಒಲೆ ಮಾಡಿಕೊಂಡಳು. ಸಾಯುವವರೆಗೆ ಅಲ್ಲೇ ಬೇಯಿಸಿಕೊಂಡು ತಿಂದಳು. ಬಂದ ನೆಂಟರೆಲ್ಲ ಯಾಕೆ ಎರಡು ಕಡೆ ಹೊಗೆ ಅಂತ ಕೇಳುತ್ತಿದ್ದರು. ಅಜ್ಜಿ ಚಿಕ್ಕವ್ವನಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದಳು.

"ಗಂಡ ದಾರಿ ಹುಡುಕ್ಕೊಂಡು ಬತ್ತಾವ್ನೆ, ಇವ್ಳು ಬಾಗ್ಲು ಹಾಕ್ಬುಟ್ಳು. ಅವ್ಳ್ ಕೈ ನೀರು ನಾನ್ ಮುಟ್ಟಲ್ಲ."

ಅರ್ಜಿಗಳು ಕೆಲಸ ಮಾಡಿದವು. ಚಿಕ್ಕವ್ವನಿಗೆ ಪಿಂಚಣಿ ಬಂತು. ಮನೆಯಲ್ಲಿ ಮತ್ತೆ ತಿಂಗಳಿಗೊಮ್ಮೆ ಅನ್ನ ಆಯಿತು, ಆದರೆ ಅದನ್ನು ಯಾರೂ ಖುಷಿಯಾಗಿ ಉಣ್ಣಲಿಲ್ಲ. ಅಜ್ಜಿ ಆ ದಿನ ತನ್ನ ಒಲೆಯನ್ನೂ ಹಚ್ಚುತ್ತಿರಲಿಲ್ಲ. ಸೇತುವೆಗೆ ಕಲ್ಲು ಬೀಳುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು. ಮುನಿತಾತನ ಸೊಸೆಗೆ ಮನೆಯಲ್ಲೇ ಸುಖವಾಗಿ ಹೆರಿಗೆಯಾಯಿತು. ಬಿಳಿಯರು ಹೋಗುವುದಕ್ಕೆ ಮೊದಲೇ ದೊಡ್ಡಹಳ್ಳಕ್ಕೆ ಕಮಾನಿನ ಕಲ್ಲುಸೇತುವೆ ಬಂತು. ಅದು ಬಂದ ಮೇಲೆಯೇ ನಾನು ಇಸ್ಕೂಲಿಗೆ ಸೇರಿದ್ದು. ಹತ್ತು ವರ್ಷ ದಾಟಿದವನು ಸಣ್ಣ ಮಕ್ಕಳ ಜೊತೆ ಕೂತು ಅ ಆ ಇ ಈ ತಿದ್ದಿದೆ. 'ಏನ್ ಮಾವ, ಮಗನ್ನ ಬಿಡಕ್ಕೆ ಬಂದ್ಯಾ' ಅಂತ ಅವು ರೇಗಿಸುತ್ತಿದ್ದವು. ನಾಚಿಕೆಯಾಗಿ ಬಿಟ್ಟುಬಿಡುತ್ತೇನೆ ಅಂತ ಹೇಳಿದ ದಿನ ಚಿಕ್ಕವ್ವ ಕೆಲಸ ಬಿಟ್ಟು, ನನ್ನ ತೋಳು ಹಿಡಿದುಕೊಂಡು ಸೇತುವೆಯ ನಡುವಿನವರೆಗೆ ನಡೆಸಿಕೊಂಡು ಬಂದಳು. ಅಲ್ಲಿ ನಿಲ್ಲಿಸಿ, ಹೋಗು ಅಂದಳು. ನಾನು ಆಮೇಲೆ ಒಂದು ದಿನವೂ ಬಿಡಲಿಲ್ಲ.

ಅಜ್ಜಿ ಆ ಸೇತುವೆಯ ಮೇಲೆ ಕಾಲಿಡಲಿಲ್ಲ. ಬೇಸಿಗೆಯಲ್ಲಿ ಸಂತೆಗೆ ಹೋದರೆ ಕೆಳಗೆ ಮರಳಿನಲ್ಲಿ ಇಳಿದು ಹತ್ತುತ್ತಿದ್ದಳು. ಮೇಲೆ ನಾವು, ಕೆಳಗೆ ಅವಳು. ಮಳೆಗಾಲದಲ್ಲಿ ಊರು ಬಿಟ್ಟು ಹೋಗುತ್ತಲೇ ಇರಲಿಲ್ಲ. ಕೊನೆಗೆ ಜ್ವರ ಬಂದು ಮಲಗಿದ್ದೂ ಮಳೆಗಾಲದಲ್ಲೇ. ಸೇತುವೆ ದಾಟಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಪ್ಪ ಗಾಡಿ ಕಟ್ಟಿದ.

"ಬ್ಯಾಡ ಕಣ್ಲಾ. ನನ್ ಮಗನ್ ಮೇಲೆ ಗಾಡಿ ಹತ್ತಿಸ್ಬ್ಯಾಡ."

ಗಾಡಿ ಬಿಚ್ಚಿದರು. ಚಿಕ್ಕವ್ವ ಆ ದಿನಗಳಲ್ಲಿ ಅಜ್ಜಿಯ ಹಾಸಿಗೆ ಒಗೆದಳು, ಮೈ ಒರೆಸಿದಳು. ಅಜ್ಜಿಗೆ ಪ್ರಜ್ಞೆ ಇದ್ದಾಗ ಗಂಜಿ ಕುಡಿಸುವುದಕ್ಕೆ ಮಾತ್ರ ಅವ್ವ ಬರಬೇಕಿತ್ತು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ ಚಿಕ್ಕವ್ವ ಬಾಯಿಗೆ ನೀರು ಬಿಟ್ಟಳು. ಅಜ್ಜಿ ಕಣ್ಣು ತೆರೆದು, ಯಾರು ಅಂತ ನೋಡಿ, ಆ ನೀರನ್ನು ಹೊರಗೆ ಹರಿಯಲು ಬಿಟ್ಟಳು. ಎರಡು ದಿನದಲ್ಲಿ ತೀರಿಕೊಂಡಳು.

ಈಗ ಆ ಹಳ್ಳದ ಮೇಲೆ ಸಿಮೆಂಟಿನ ದೊಡ್ಡ ಸೇತುವೆ ಇದೆ. ಅದರ ಮೇಲೆ ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ಹುಡುಗರ ಬಸ್ಸು, ಗುಲಾಬಿ ತುಂಬಿದ ವ್ಯಾನು ಓಡುತ್ತವೆ. ಹಳೇ ಕಮಾನು ಪಕ್ಕದಲ್ಲೇ ಗಿಡ ಬೆಳೆದು ನಿಂತಿದೆ. ಕಲಿತ ಅಕ್ಷರದಿಂದ ನಾನು ಮುಂದೆ ಹೊಸೂರಿನಲ್ಲಿ ಎಷ್ಟೋ ಜನರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಬರೆದ ಮೇಲೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಇದು ನಿಮ್ಮ ಮನೆಯವರಿಗೆಲ್ಲ ಗೊತ್ತೇ ಅಂತ ಕೇಳುತ್ತಿದ್ದೆ. ಯಾಕೆ ಇಷ್ಟು ಕೇಳುತ್ತೀರಿ ಅಂತ ಜನ ಬೇಜಾರು ಮಾಡಿಕೊಳ್ಳುತ್ತಿದ್ದರು.

ಅಜ್ಜಿ ಸತ್ತ ವರ್ಷ ಹಿರಿಯರ ಹಬ್ಬ ಬಂದಾಗ ನಡೆದದ್ದೊಂದನ್ನು ಹೇಳುವುದು ಉಳಿದಿದೆ. ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ಎಡೆ ಇಡುತ್ತಾರೆ. ಸತ್ತವರ ಬಟ್ಟೆಗಳನ್ನು ಮಣೆಯ ಮೇಲಿಟ್ಟು, ಮುಂದೆ ಎಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಕೈಮುಗಿಯುವುದು. ಅಜ್ಜಿ ಇರುವವರೆಗೆ ಚಿಕ್ಕಪ್ಪನ ಹೆಸರಿನಲ್ಲಿ ಎಡೆ ಇಡುವ ಮಾತನ್ನು ಯಾರೂ ಎತ್ತಿರಲಿಲ್ಲ. ಆ ದಿನ ಚಿಕ್ಕವ್ವ ಬೆಳಗಿನಿಂದ ಒಬ್ಬಳೇ ಅಡುಗೆ ಮಾಡಿದ್ದಳು. ಅಜ್ಜಿಯ ಸೀರೆ ಮಡಿಸಿ ಮಣೆಯ ಮೇಲಿಟ್ಟಳು. ಅಪ್ಪ ಒಳಮನೆಗೆ ಹೋಗಿ, ಪೆಟ್ಟಿಗೆ ತೆಗೆದು, ಚಿಕ್ಕಪ್ಪ ಮದುವೆಯಲ್ಲಿ ಹಾಕಿಕೊಂಡಿದ್ದ ಅಂಗಿ ತಂದ.

"ಇನ್ಮೇಲೆ ಇವ್ನಿಗೂ ಇಡಾನ ಕಣವ್ವ. ಇಷ್ಟು ವರ್ಷ ಉಪಾಸ ಕೆಡವಿದ್ದೀವಿ. ಅವ್ವನ್ ಪಕ್ಕದಾಗೇ ಇಡ್ತೀನಿ."

ಅಂಗಿ ಮಣೆಗೆ ಮುಟ್ಟುವ ಮೊದಲೇ ಚಿಕ್ಕವ್ವ ಕೈ ಚಾಚಿ ಹಿಡಿದುಕೊಂಡಳು. ಅಷ್ಟು ಜೋರಾಗಿ ಅವಳು ಏನನ್ನೂ ಕಿತ್ತುಕೊಂಡದ್ದನ್ನು ನಾನು ನೋಡಿರಲಿಲ್ಲ.

"ಬ್ಯಾಡ ಬಾವ."

"ಯಾಕವ್ವ?"

"ಅವ್ರು ಸತ್ತವ್ರೆ ಅಂತ ನಾನ್ ಯಾವತ್ತು ಅಂದೆ? ದೊರೆ ಕೇಳ್ದಾಗ್ಲೂ ಅನ್ಲಿಲ್ಲ. ಊರಿಗೆ ಬೇಕಾಗಿತ್ತು, ಬಳೆ ಒಡ್ಕೊಂಡೆ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೂತುಬಿಟ್ಟಳು. ಅಪ್ಪ ಮಣೆಯ ಮೇಲಿದ್ದ ಅಜ್ಜಿಯ ಸೀರೆಯ ಕಡೆ ನೋಡಿದ.

"ಇದನ್ನ ಅವ್ವನಿಗೆ ಹೇಳ್ಬಾರ್ದಾಗಿತ್ತಾ ಲಕ್ಕಮ್ಮ. ಒಂದ್ ಸಲ ಹೇಳಿದ್ರೆ ಅವ್ವ ನಿನ್ ಕೈಲಿ ಉಣ್ತಿತ್ತಲ್ಲವ್ವ."

"ಬೋಳು ಕೈ ಇಟ್ಕೊಂಡು ಹೇಳಿದ್ರೆ ನಂಬ್ತಿದ್ರಾ?"

ಅವಳು ಅಂಗಿಯನ್ನು ಒಮ್ಮೆ ಕೊಡವಿದಳು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಹಳದಿ ಗೆರೆ ಎದ್ದಿತ್ತು. ಅದನ್ನು ಬಿಸಿಲಿಗೆ ಹಾಕುವುದಕ್ಕೆ ಹಿತ್ತಲಿಗೆ ಹೋದಳು, ಹೋಗುತ್ತ ಎಡೆ ಆರಿಹೋಗುತ್ತೆ ಬಾವ, ಅತ್ತೆಗೆ ಕೈಮುಗೀರಿ ಅಂದಳು.